ನಾಲ್ಕು ಸೆಂಟಿಮೀಟರ್ ಕೂದಲು

ಸಮಸ್ತ ಸಾರ್ವಜನಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಕೊಳ್ಳೇಗಾಲದ ದೇವಾಂಗಪೇಟೆಯ ಕೆಂಪರಾಜು ಮತ್ತು ರತ್ನಮಣಿ ದಂಪತಿಗಳ ಏಕಮಾತ್ರ ಪುತ್ರಿ, ಎರಡನೇ ತರಗತಿ ವಿದ್ಯಾರ್ಥಿನಿ ಕುಮಾರಿ ಇಂಚರ, ಈ ದಿನ ಮಂಗಳವಾರ ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ಸ್ಟೀಲ್ ಲೋಟವೊಂದರಲ್ಲಿ ಮೂತ್ರ ವಿಸರ್ಜನೆ ಮಾಡಿರುತ್ತಾಳೆ. ಸದರಿ ಲೋಟವನ್ನು ಮನೆಯವರಾಗಲೀ ನೆಂಟರಾಗಲೀ ಬೇರಾವ ಉದ್ದೇಶಕ್ಕೂ ಬಳಸತಕ್ಕದ್ದಲ್ಲ.

ಪ್ರಕಟಣೆ ಮುಗಿಯಿತು. ನಗುವವರು ಈಗಲೇ ನಕ್ಕುಬಿಡಿ. ಆ ಮನೆಯಲ್ಲಿ ಆ ಹೊತ್ತಿಗೆ ಯಾರೂ ನಗುವುದಿಲ್ಲ.

ರತ್ನಮಣಿ ಲೋಟದೊಳಗೆ ಕಾಗದದ ಪಟ್ಟಿಯೊಂದನ್ನು ಅದ್ದಿ, ತೆಗೆದು, ಅರವತ್ತು ಎಣಿಸಿದಳು. ಹಳದಿ ಪಟ್ಟಿ ಹಳದಿಯಾಗಿಯೇ ಉಳಿದರೆ ಮಗುವಿನ ಮೂತ್ರದಲ್ಲಿ ಪ್ರೋಟೀನ್ ಇಲ್ಲ ಎಂದರ್ಥ. ಹಸಿರಾದಷ್ಟೂ ಸೋರಿಕೆ ಹೆಚ್ಚು, ಪ್ಲಸ್ಸುಗಳು ಹೆಚ್ಚು. ಜಗತ್ತಿನಲ್ಲೆಲ್ಲ ಪ್ಲಸ್ ಅಂದರೆ ಲಾಭ. ಈ ಒಂದು ಬಚ್ಚಲುಮನೆಯಲ್ಲಿ ಮಾತ್ರ ನಷ್ಟ.

"ಎಷ್ಟು ಬಂತು?" ಬಾಗಿಲ ಆಚೆಯಿಂದ ಕೆಂಪರಾಜು ಕೇಳಿದ.

"ಮೂರು."

"ನೆನ್ನೆನೂ ಮೂರೇಯ."

"ನೆನ್ನೆನೂ ಮೂರೇ ಮಾವ. ಕೇಳ್ಬೇಡಿ ಅಂದ್ರೂ ಕೇಳ್ತೀರಿ."

ಗಂಡನನ್ನು ಅವಳು ಮಾವ ಎನ್ನುವುದು ಪ್ರೀತಿಗಲ್ಲ, ಲೆಕ್ಕಕ್ಕೆ. ಅವನು ಅವಳ ತಾಯಿಯ ತಮ್ಮ. ಹಾಗಾಗಿ ಒಳಗೆ ರಾಗಿ ಅಂಬಲಿ ತಿರುವುತ್ತಿರುವ ಪುಟ್ಟಮಾದಮ್ಮ ಇವಳಿಗೆ ಅತ್ತೆಯೂ ಹೌದು, ತಾಯಿಯ ತಾಯಿಯೂ ಹೌದು. ರತ್ನಮಣಿಯೂ ಅಜ್ಜಿ ಎನ್ನುತ್ತಾಳೆ, ಅವಳ ಮಗಳು ಇಂಚರಳೂ ಅಜ್ಜಿ ಎನ್ನುತ್ತಾಳೆ. ಎರಡು ತಲೆಮಾರಿನ ಒಂದೇ ಕರೆಗೆ ಒಬ್ಬಳೇ ಓಗೊಡುವ ಸೌಕರ್ಯ ನಮ್ಮ ಕಡೆಯ ಮನೆಗಳಲ್ಲಿ ಬಿಟ್ಟರೆ ಬೇರೆಲ್ಲೂ ಸಿಗಲಾರದು.

ಇಸವಿ ಎರಡು ಸಾವಿರದ ನಲವತ್ತೆರಡು. ಕೊಳ್ಳೇಗಾಲದಿಂದ ಚಾಮರಾಜನಗರಕ್ಕೆ ಬಸ್ಸು ತಾನೇ ಓಡುತ್ತದೆ. ಓಡಿಸುವವನ ಸೀಟಿನಲ್ಲಿ ಒಬ್ಬ ಮನುಷ್ಯ ಕೂತಿರಲೇಬೇಕು ಎಂದು ನಿಯಮವಿರುವುದರಿಂದ ಕೆಂಪರಾಜುವಿಗೆ ಕೆಲಸವಿದೆ. ದಿನಕ್ಕೆ ಆರು ಟ್ರಿಪ್ಪು ಅವನು ಬಸ್ಸು ಓಡುವುದನ್ನು ನೋಡುತ್ತಾನೆ. ನಿಯಮಗಳ ಬಗ್ಗೆ ಆ ಕಾರಣಕ್ಕೇ ಅವನಿಗೊಂದು ಗೌರವ. ರತ್ನಮಣಿ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಅವಳ ಕೊರಳಲ್ಲಿ ತಾಳಿಗಿಂತ ಹೆಚ್ಚು ಹೊತ್ತು ಇರುವುದು ಅಳತೆ ಟೇಪು.

ಇಂಚರಳ ಕಾಯಿಲೆ ಶುರುವಾದದ್ದು ಕಣ್ಣಿನ ಕೆಳಗಿನ ಬಾವಿನಿಂದ. ನಿದ್ದೆ ಸಾಲದು ಎಂದರು, ಸೊಳ್ಳೆ ಎಂದರು. ಕಾಲೂ ಹೊಟ್ಟೆಯೂ ಊದಿಕೊಂಡ ಮೇಲೆ ಮೈಸೂರಿನ ಮಕ್ಕಳ ಮೂತ್ರಪಿಂಡ ಕೇಂದ್ರಕ್ಕೆ ಓಡಿದರು. ಎಂಟು ವಾರ ಸ್ಟಿರಾಯ್ಡ್ ಮಾತ್ರೆ ತಿನ್ನಿಸಿದರು. ಮುಖ ಹುಣ್ಣಿಮೆಯಾಯಿತು, ಹೊಟ್ಟೆ ಹೊತ್ತುಹೊತ್ತಿಗೂ ಹಸಿಯಿತು, ಸಿಟ್ಟು ಮೂಗಿನ ತುದಿಗೆ ಬಂತು. ಪ್ಲಸ್ಸುಗಳು ಮಾತ್ರ ಅಲುಗಲಿಲ್ಲ. ಇಂಥ ಮಕ್ಕಳಲ್ಲಿ ಹೆಚ್ಚಿನವರಿಗೆ ಮಾತ್ರೆಗೇ ಗುಣವಾಗುತ್ತದೆ. ಇಂಚರ ಉಳಿದ ಕೆಲವರ ಪೈಕಿ ಎಂದು ಮಾತ್ರೆ ನಿಲ್ಲಿಸಿ ಈಗ ಎರಡು ತಿಂಗಳು.

ಇಷ್ಟೇ ಆಗಿದ್ದರೆ ಕಥೆ ಇಲ್ಲ, ಬರೀ ಸಂಕಟ. ಕಥೆಗೆ ಬೇಕಾದ ಯಂತ್ರ ಕೇಂದ್ರದ ಎರಡನೇ ಮಹಡಿಯಲ್ಲಿ ಕೂತಿತ್ತು. ಅದರ ಹೆಸರು ಗುಣಗ್ರಾಹಿ. ಎರಡು ಹನಿ ರಕ್ತ ಕೊಟ್ಟರೆ ಮಗುವಿನ ವಂಶವಾಹಿಗಳನ್ನೆಲ್ಲ ಓದಿ, ಯಾವುದು ಕೆಟ್ಟಿದೆ, ಯಾವ ಔಷಧಿಗೆ ಈ ದೇಹ ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಎಂದು ಹೇಳುತ್ತದೆ. ಗುಣವೇನೆಂದು ಗ್ರಹಿಸುವುದು ಅದರ ಕೆಲಸ. ಗುಣ ಮಾಡುವ ಕೆಲಸ ಅದರ ಪಕ್ಕದ ಶೀತಪೆಟ್ಟಿಗೆಯಲ್ಲಿರುವ ತಿದ್ದುಪಡಿ ಇಂಜೆಕ್ಷನ್ನಿನದು. ನಮ್ಮಲ್ಲಿ ಒಂದು ಕಾರ್ಡಿನ ತಿದ್ದುಪಡಿಗೇ ಮೂರು ಸಲ ಅಲೆಯಬೇಕು. ಇದು ದೇಹದೊಳಗಿನ ಒಂದಕ್ಷರವನ್ನು ಒಂದೇ ಸಲಕ್ಕೆ ತಿದ್ದುತ್ತದೆ. ಆದರೆ ಗುಣಗ್ರಾಹಿ ಹಸಿರು ದೀಪ ತೋರಿಸದೆ ಪೆಟ್ಟಿಗೆಯ ಬಾಗಿಲು ತೆರೆಯುವುದಿಲ್ಲ.

ಹಿಂದಿನ ವಾರ ಇಡೀ ಮನೆ ಆ ಯಂತ್ರದೆದುರು ಕೂತಿತ್ತು. ಅಪ್ಪ, ಅಮ್ಮ, ಅಜ್ಜಿ ಮೂವರ ರಕ್ತವನ್ನೂ ಅದು ಕೇಳಿ ಪಡೆದಿತ್ತು. ಪರದೆಯ ಮೇಲೆ ವಂಶವೃಕ್ಷ ಮೂಡಿತು. ವೃಕ್ಷ ಅನ್ನುವುದಕ್ಕಿಂತ ಅದು ಬಳ್ಳಿ. ಮೇಲೆ ಹೋದ ಕುಡಿ ತಿರುಗಿ ಬಂದು ತನ್ನ ಬುಡವನ್ನೇ ಸುತ್ತಿಕೊಂಡಿತ್ತು. ಯಂತ್ರ ಒಂದು ಕ್ಷಣ ತಬ್ಬಿಬ್ಬಾಗಿ, ಪುಟ್ಟಮಾದಮ್ಮನ ಹೆಸರನ್ನು ಎರಡು ಕಡೆ ಬರೆಯಿತು.

ಡಾಕ್ಟರ್ ನಳಿನಾಕ್ಷಿ ಕೊಳ್ಳೇಗಾಲದವರಿಗೆ ಅರ್ಥವಾಗುವ ಹಾಗೆ ಹೇಳಿದರು. "ನೋಡಿ ರತ್ನಮಣಿ, ಕಿಡ್ನಿ ಅಂದ್ರೆ ಸೋಸೋ ಬಟ್ಟೆ ಅಂತಿಟ್ಕೊಳ್ಳಿ. ಕೆಲವು ಮಕ್ಕಳಲ್ಲಿ ದೇಹವೇ ಆ ಬಟ್ಟೆ ಜೊತೆ ಜಗಳ ಮಾಡುತ್ತೆ. ಸ್ಟಿರಾಯ್ಡ್ ಮಾತ್ರೆ ಹೋಗಿ ಪಂಚಾಯ್ತಿ ಮಾಡಿ ಜಗಳ ಬಿಡಿಸುತ್ತೆ. ಇವಳಲ್ಲಿ ಜಗಳವೇ ಇದ್ದ ಹಾಗಿಲ್ಲ. ನೇಯ್ಗೆಯೇ ತಪ್ಪಿದೆ. ಒಂದು ಎಳೆ ಸರಿಯಾಗಿ ಬಿದ್ದಿಲ್ಲ."

"ಮಗ್ಗದಲ್ಲೇ ತಪ್ಪಾಗ್ಯದೆ ಅನ್ನಿ," ಎಂದಳು ರತ್ನಮಣಿ.

"ಹಾಂ. ಆ ತಪ್ಪು ಒಂದು ಕಡೆಯಿಂದ ಮಾತ್ರ ಬಂದಿದ್ರೆ ಮಗುಗೆ ಏನೂ ಆಗ್ತಿರ್ಲಿಲ್ಲ. ಅಪ್ಪನಿಂದಲೂ ಬಂದಿದೆ, ಅಮ್ಮನಿಂದಲೂ ಬಂದಿದೆ. ನಿಮ್ಮಿಬ್ಬರಿಗೂ ಅಜ್ಜಿಯಿಂದ ಬಂದಿದೆ. ಇದು ಯಾರ ತಪ್ಪೂ ಅಲ್ಲಮ್ಮ, ಯಾರಿಗೂ ಗೊತ್ತಿರ್ಲಿಲ್ಲ."

ಡಾಕ್ಟರು ಹೇಳಿದ ಕೊನೆಯ ವಾಕ್ಯ ಪುಟ್ಟಮಾದಮ್ಮನಿಗೆ ಕೇಳಿಸಲಿಲ್ಲ. "ಅಜ್ಜಿಯಿಂದ" ಎಂಬಲ್ಲಿಗೇ ಅವಳು ಎದ್ದಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡು ಹೊರಗಿನ ಬೆಂಚಿನ ಮೇಲೆ ಹೋಗಿ ಕೂತಳು. ಈ ಸಂಬಂಧ ಬೆಸೆದವಳು ಅವಳೇ. ಮಗಳ ಮಗಳು ಬೇರೆ ಮನೆಗೆ ಹೋದರೆ ಕಳ್ಳುಬಳ್ಳಿ ಕಡಿದುಹೋಗುತ್ತದೆ ಎಂದು ಹಟ ಹಿಡಿದು ಮಗನಿಗೆ ತಂದುಕೊಂಡಿದ್ದಳು.

ಅವಳು ಹೊರಗೆ ಕೂತಿದ್ದಾಗ ಒಳಗೆ ಡಾಕ್ಟರು ಕೂದಲಿನ ವಿಷಯ ಹೇಳಿದರು.

ಇದೇ ಎಳೆ ತಪ್ಪಿದ್ದರೂ ಅಪರೂಪಕ್ಕೆ ಒಂದೊಂದು ಮಗು ಮಾತ್ರೆಗೆ ಬಗ್ಗುವುದುಂಟು. ಆದ್ದರಿಂದ ವಂಶವಾಹಿಯ ಸಾಕ್ಷಿಯೊಂದೇ ಸಾಲದು. ಮಗು ಎಂಟು ವಾರ ನಿಜವಾಗಿ ಮಾತ್ರೆ ತಿಂದಿತ್ತು, ಆದರೂ ಗುಣವಾಗಲಿಲ್ಲ ಎಂಬುದಕ್ಕೂ ಸಾಕ್ಷಿ ಬೇಕು. ಮೊದಮೊದಲು ತಾಯಂದಿರು ಬರೆದಿಟ್ಟ ಡೈರಿಯನ್ನೇ ನಂಬುತ್ತಿದ್ದರಂತೆ. ಮುಖ ಊದುತ್ತದೆಂದು ಹೆದರಿ ಕೆಲವರು ಡೈರಿಯಲ್ಲಿ ಗೀಟು ಹಾಕಿ ಮಾತ್ರೆಯನ್ನು ತುಳಸಿ ಗಿಡದ ಬುಡಕ್ಕೆ ಹಾಕಿದ್ದು ಆಮೇಲೆ ಗೊತ್ತಾಯಿತು. ಕೂದಲು ಹಾಗೆ ಗೀಟು ಹಾಕುವುದಿಲ್ಲ. ಅದು ತಿಂಗಳಿಗೆ ಒಂದು ಸೆಂಟಿಮೀಟರಿನಂತೆ ಬೆಳೆಯುತ್ತ, ಆ ತಿಂಗಳು ದೇಹದೊಳಗೆ ಹೋದದ್ದನ್ನೆಲ್ಲ ತನ್ನೊಳಗೆ ಬರೆದುಕೊಳ್ಳುತ್ತದೆ. ಬುಡದಿಂದ ನಾಲ್ಕು ಸೆಂಟಿಮೀಟರ್ ಓದಿದರೆ ನಾಲ್ಕು ತಿಂಗಳ ಕಥೆ ಸಿಗುತ್ತದೆ. ಇಂಚರಳಿಗೆ ಸೊಂಟದವರೆಗೆ ಎರಡು ಜಡೆ. ಅದು ಕಥೆಯಲ್ಲ, ಪುರಾಣ.

"ಇನ್ನೊಂದು ವಿಷಯ," ಎಂದಿದ್ದರು ಡಾಕ್ಟರು. "ಕಿಡ್ನಿ ಕೆಲಸ ಮಾಡೋದನ್ನ ನಾವು ನಂಬರಲ್ಲಿ ಅಳೀತೀವಿ. ಇವಳದ್ದು ಎಪ್ಪತ್ತೊಂದಿದೆ. ತಿಂಗಳಿಗೆ ಮೂರರ ಹಾಗೆ ಇಳೀತಾ ಇದೆ. ಅರವತ್ತಕ್ಕಿಂತ ಕೆಳಗೆ ಹೋದ್ರೆ ಇಂಜೆಕ್ಷನ್ ಕೊಡೋ ಹಾಗಿಲ್ಲ. ಬಟ್ಟೆಯೇ ಹರಿದ ಮೇಲೆ ಎಳೆ ಸರಿಮಾಡಿ ಏನು ಬಂತು. ಆಮೇಲೆ ಡಯಾಲಿಸಿಸ್, ಬೇರೆ ಕಿಡ್ನಿ, ಆ ದಾರಿ. ಅದಕ್ಕೇ ತಡ ಮಾಡೋದು ಬೇಡ."

ತಡವೇನೂ ಆಗಲಿಲ್ಲ. ಈ ಮಂಗಳವಾರ ಪಟ್ಟಿ ಒಣಗುವ ಮೊದಲೇ ಕೇಂದ್ರದ ತಂತ್ರಜ್ಞ ಗುಣಪಾಲ ಫೋನು ಮಾಡಿದ.

"ಗುರುವಾರ ಬೆಳಿಗ್ಗೆ ಹತ್ತಕ್ಕೆ ಬಂದ್ಬಿಡಿ. ಅವತ್ತೇ ಟೆಸ್ಟು, ಅವತ್ತೇ ಇಂಜೆಕ್ಷನ್ನು. ಬರ್ಕೊಳ್ಳಿ. ಮಗು ತಲೆಗೆ ಎಣ್ಣೆ ಹಚ್ಬೇಡಿ. ಮೆಹಂದಿ ಬೇಡ. ಬಣ್ಣ ಬೇಡ. ಶಾಂಪೂ ಬೇಡ. ಕೂದಲು ನೇರ ಮಾಡ್ಸೋದು, ಗುಂಗುರು ಮಾಡ್ಸೋದು ಯಾವ್ದೂ ಬೇಡ."

ರತ್ನಮಣಿ ಕ್ಯಾಲೆಂಡರಿನ ಹಿಂದೆ ಬರೆದುಕೊಂಡಳು. ಅಡಿಗೆಮನೆಯ ಕಡೆ ತಿರುಗಿ, "ಅಜ್ಜಿ, ಗುರುವಾರದ ತಂಕ ಕೂಸಿನ ತಲೆಗೆ ಎಣ್ಣೆ ಹಚ್ಬೇಡಿ," ಎಂದಳು.

"ಹಚ್ಚಲ್ಲ ಬುಡವ್ವ," ಎಂದಳು ಪುಟ್ಟಮಾದಮ್ಮ. ಯಾಕೆ ಎಂದು ಕೇಳಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಯಾರನ್ನೂ ಏನನ್ನೂ ಯಾಕೆ ಎಂದು ಕೇಳಿರಲಿಲ್ಲ.

ಗುಣಪಾಲ ಓದಿ ಹೇಳಿದ ಆ ಬೇಡಗಳ ಪಟ್ಟಿಯನ್ನು ತಯಾರಿಸಿದವರು ಗುಣಗ್ರಾಹಿಯನ್ನು ಮಾಡಿದ ಸಮುದ್ರದಾಚೆಯ ಕಂಪನಿಯ ಮೇಧಾವಿಗಳು. ಮಗುವಿನ ಕೂದಲಿಗೆ ಒದಗಬಹುದಾದ ಸಕಲ ವಿಪತ್ತುಗಳನ್ನೂ ಅವರು ಮೂರು ವರ್ಷ ಕೂತು ಊಹಿಸಿದ್ದರು. ಈಜುಕೊಳದ ನೀರನ್ನೂ ಬಿಟ್ಟಿರಲಿಲ್ಲ. ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಏಳು ವರ್ಷದ ಹೆಣ್ಣುಮಗುವನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗಿ ಅದರ ತಲೆ ಬೋಳಿಸಿ ತರುವ ಅಜ್ಜಿಯೊಬ್ಬಳು ಭೂಮಿಯ ಮೇಲಿರಬಹುದು ಎಂಬುದು ಅವರ ಕನಸಿಗೆ ಬಂದಿರಲಿಲ್ಲ.

ಬುಧವಾರ ಕೆಂಪರಾಜು ಬಸ್ಸು ನೋಡಲು ಹೋದ. ರತ್ನಮಣಿ ಮದುವೆಮನೆಯ ಹನ್ನೆರಡು ರವಿಕೆ ತಲುಪಿಸಲು ಯಳಂದೂರಿಗೆ ಹೋದಳು. ಸೋಂಕು ತಗಲೀತೆಂದು ಇಂಚರಳಿಗೆ ಸ್ಕೂಲಿಲ್ಲ. ಅಜ್ಜಿ ಮೊಮ್ಮಗಳು ಎಂಟು ಗಂಟೆಯ ಮಾದಪ್ಪನ ಬೆಟ್ಟದ ಬಸ್ಸು ಹತ್ತಿದರು.

ಹರಕೆ ಹೊತ್ತದ್ದು ಆಸ್ಪತ್ರೆಯ ಆ ಬೆಂಚಿನ ಮೇಲೆ. ಹರಕೆ ತೀರಿಸುವುದು ಕೆಲಸ ಆದ ಮೇಲೆ ಎಂಬುದು ವಾಡಿಕೆ. ಆದರೆ ಪುಟ್ಟಮಾದಮ್ಮ ತಾನು ತಪ್ಪಿತಸ್ಥೆ ಎಂದು ನಂಬಿದ್ದಳು. ತಪ್ಪಿತಸ್ಥರು ವಾಡಿಕೆ ಮಾತಾಡಬಾರದು. ಮಾದಪ್ಪನಿಗೆ ಮುಡಿ ಮೊದಲೇ ಕೊಟ್ಟು, ಆಮೇಲೆ ಸೂಜಿ ಚುಚ್ಚಿಸಿದರೆ ಸೂಜಿ ಹತ್ತುತ್ತದೆ ಎಂಬುದು ಅವಳ ಲೆಕ್ಕ. ಕೇಂದ್ರದ ಲೆಕ್ಕವೂ ಕೂದಲಿನ ಮೇಲೇ ನಿಂತಿತ್ತು. ವಿಜ್ಞಾನ, ನಂಬಿಕೆ ಎರಡೂ ಒಂದೇ ಜಡೆ ಹಿಡಿದು ಆ ಕಡೆ ಈ ಕಡೆ ಎಳೆಯುವುದು ದಿನಾ ನಡೆಯುವಂಥದ್ದಲ್ಲ.

ಸಂಜೆ ನಾಲ್ಕಕ್ಕೆ ರತ್ನಮಣಿ ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದಾಗ ಆಟೋ ನಿಂತಿತು. ಮೊದಲು ಅಜ್ಜಿ ಇಳಿದಳು. ಆಮೇಲೆ ಗಂಧ ಬಳಿದ ಒಂದು ತಲೆ ಇಳಿಯಿತು. ಊದಿದ ಮುಖದ ಮೇಲೆ ಆ ಬೋಳು ತಲೆ ಕೂತು, ಮಗು ಒಂದರ ಮೇಲೊಂದು ಇಟ್ಟ ಎರಡು ಲಡ್ಡುವಿನಂತೆ ಕಾಣುತ್ತಿತ್ತು.

ರತ್ನಮಣಿ ಒಂದೇ ಚಪ್ಪಲಿಯಲ್ಲಿ ಆಟೋದತ್ತ ಓಡಿದಳು.

"ಅಜ್ಜಿ. ಏನ್ ಮಾಡ್ಬುಟ್ರಿ."

"ಎಣ್ಣೆ ಹಚ್ಚಿಲ್ಲ ಕನವ್ವ," ಎಂದಳು ಪುಟ್ಟಮಾದಮ್ಮ. "ಬ್ಯಾಡ ಅಂದಿದ್ದಲ್ಲ. ಬರೀ ಗಂಧ."

ಇದಾದ ಮೇಲೆ ಆ ಮನೆಯಲ್ಲಿ ನಡೆದದ್ದನ್ನು ನಾನು ಪೂರ್ತಿ ಬರೆಯಲಾರೆ. ಕೆಂಪರಾಜು ಬಂದು, ವಿಷಯ ಕೇಳಿ, ತಾಯಿಯನ್ನು ಬೈಯಲು ಬಾಯಿ ತೆರೆದು, ಕೂದಲಿನ ಕಥೆಯನ್ನಷ್ಟೇ ಹೇಳಿದ. ಕೂದಲು ಯಾತಕ್ಕೆ ಬೇಕಾಗಿತ್ತೆಂದು ಈಗ ಗೊತ್ತಾದ ಪುಟ್ಟಮಾದಮ್ಮ ಗೋಡೆಗೆ ಮುಖ ಮಾಡಿ ಕೂತಳು.

"ನನ್ ರಕ್ತದಲ್ಲಿ ತಪ್ಪು ಅದೆ ಅಂದ್ರು. ಅದ್ನ ನಾನೇ ತೀರಿಸ್ಬೇಕಲ್ಲ ಮಗ. ನಂದು ನೆರತ ಕೂದ್ಲು, ನಾಕೆಳೆ. ಅದ್ನ ತಕ್ಕಂಡು ಮಾದಪ್ಪ ಏನ್ ಮಾಡಾನು."

ಆಗ ಇಂಚರ ತನ್ನ ಸ್ಕೂಲ್ ಬ್ಯಾಗಿನ ಜಿಪ್ಪು ಎಳೆದಳು. ಒಳಗಿನಿಂದ ಕೆಂಪು ರಿಬ್ಬನ್ ಸಮೇತ ಒಂದು ಜಡೆ ಹೊರಬಂತು.

"ಒಂದ್ ಜಡೆ ಮಾದಪ್ಪಂಗೆ," ಎಂದಳು. "ಇನ್ನೊಂದು ನಂಗೆ. ರಿಬ್ಬನ್ ಹೊಸದಲ್ವಾ, ಅಮ್ಮ ಬೈತಾಳೆ ಅಂತ ಹಠ ಮಾಡ್ದೆ. ಬುಡದಿಂದ್ಲೇ ಕತ್ತರಿಸಿ ಕೊಟ್ರು."

"ದೇವ್ರಿಗೆ ಅರ್ಧ ಕೊಟ್ಟಂಗಾಯ್ತು ಅಂತ ದಾರಿ ಉದ್ದಕ್ಕೂ ಹೆದ್ರಿಕಂಡೇ ಬಂದೆ," ಎಂದಳು ಅಜ್ಜಿ, ಗೋಡೆಗೇ.

ರತ್ನಮಣಿ ಕೊರಳಿನ ಟೇಪು ತೆಗೆದು ಜಡೆಯನ್ನು ಅಳೆದಳು. ಐವತ್ತೆರಡು ಸೆಂಟಿಮೀಟರ್. ಬೇಕಾದದ್ದು ನಾಲ್ಕು. ಬುಡ ಯಾವುದು ತುದಿ ಯಾವುದು ಎಂಬುದಕ್ಕೆ ರಿಬ್ಬನ್ನೇ ಸಾಕ್ಷಿ. ದೇವರಿಗೆ ಮಾಡಿದ ಮೋಸವೇ ಕೈಹಿಡಿಯಿತು ಎಂದು ಆ ರಾತ್ರಿ ಮನೆಯವರೆಲ್ಲ ಎರಡು ತುತ್ತು ಉಂಡರು.

ಗುರುವಾರ ಹತ್ತು ಗಂಟೆಗೆ ಎರಡನೇ ಮಹಡಿಯಲ್ಲಿ ಗುಣಪಾಲ ಮಗುವಿನ ತಲೆ ನೋಡಿ ತನ್ನ ಬೇಡಗಳ ಪಟ್ಟಿಯನ್ನು ಇನ್ನೊಮ್ಮೆ ಓದಿಕೊಂಡ. ಡಾಕ್ಟರ್ ನಳಿನಾಕ್ಷಿ ಜಡೆ ನೋಡಿ ಉಸಿರು ಬಿಟ್ಟರು.

"ಸಾಕು. ಹಾಕಿ ನೋಡೋಣ."

ಜಡೆಯ ಬುಡದಿಂದ ಇಪ್ಪತ್ತು ಎಳೆ ಗುಣಗ್ರಾಹಿಯ ಬಾಯಿಗೆ ಹೋಯಿತು. ಹದಿನೆಂಟು ನಿಮಿಷ ಯಂತ್ರ ಗುನುಗಿತು. ಆ ಹದಿನೆಂಟು ನಿಮಿಷದಲ್ಲಿ ಕೆಂಪರಾಜು ಮೂರು ಸಲ ನೀರು ಕುಡಿದ, ನಾಲ್ಕು ಸಲ ಗಡಿಯಾರ ನೋಡಿದ. ಆಮೇಲೆ ಅದು ಮಾತಾಡಿತು. ದೂರದರ್ಶನದ ಹಳೆಯ ವಾರ್ತಾವಾಚಕಿಯ ಧಾಟಿ.

"ಕೂದಲು ಕುಮಾರಿ ಇಂಚರ ಅವರದೇ. ಹೊಂದಾಣಿಕೆ ಶೇಕಡ ನೂರು. ಎಂಟು ವಾರ ಸ್ಟಿರಾಯ್ಡ್ ಸೇವನೆ ದೃಢಪಟ್ಟಿದೆ. ಒಂದು ದಿನವೂ ತಪ್ಪಿಲ್ಲ. ತಾಯಿಯವರಿಗೆ ಅಭಿನಂದನೆಗಳು."

ರತ್ನಮಣಿ ಅತ್ತಳು. ತುಳಸಿ ಗಿಡದ ಕಡೆ ಅವಳ ಕೈಯೂ ಒಂದೆರಡು ಸಲ ಎದ್ದದ್ದುಂಟು. ಹಾಕಿರಲಿಲ್ಲ. ಅದನ್ನು ಒಂದು ಯಂತ್ರ ಬಾಯಿಬಿಟ್ಟು ಹೇಳಿತು.

"ಚಿಕಿತ್ಸೆಗೆ ಸ್ಪಂದನೆ ಇಲ್ಲ. ಕಾರಣ ವಂಶವಾಹಿ. ತಿದ್ದುಪಡಿ ಇಂಜೆಕ್ಷನ್ ಈ ಮಗುವಿಗೆ ಸೂಕ್ತ." ಯಂತ್ರ ಉಸಿರು ತೆಗೆದುಕೊಂಡ ಹಾಗೆ ನಿಂತಿತು. "ನಿಯಮ ಹದಿನೇಳು, ಉಪನಿಯಮ ಮೂರು. ಕೂದಲನ್ನು ರೋಗಿಯ ತಲೆಯಿಂದ, ಯಂತ್ರದ ಕತ್ತರಿಯಿಂದ, ಯಂತ್ರದ ಕ್ಯಾಮೆರಾದ ಎದುರು ತೆಗೆಯತಕ್ಕದ್ದು. ತಲೆಯ ಮೇಲೆ ಕಂಡುಬಂದ ಕೂದಲಿನ ಉದ್ದ ಸೊನ್ನೆ. ಅರ್ಜಿ ತಿರಸ್ಕೃತ."

ಶೀತಪೆಟ್ಟಿಗೆಯ ದೀಪ ಕೆಂಪಾಗಿಯೇ ಉಳಿಯಿತು.

"ಅವಳ್ದೇ ಕೂದ್ಲು ಅಂತ ಅದೇ ಹೇಳ್ತಲ್ಲ ಮೇಡಂ," ಎಂದ ಕೆಂಪರಾಜು.

"ಹೇಳ್ತು."

"ಮಾತ್ರೆ ತಿಂದವ್ಳೆ ಅಂತಾನೂ ಹೇಳ್ತು."

"ಅದೂ ಹೇಳ್ತು ಕೆಂಪರಾಜು. ನನಗೆ ಗೊತ್ತು, ನಿಮಗೆ ಗೊತ್ತು, ಯಂತ್ರಕ್ಕೂ ಗೊತ್ತು. ಫಾರಂಗೆ ಗೊತ್ತಿಲ್ಲ. ಹಿಂದೆ ಯಾರೋ ಕೂದಲನ್ನ ಮಾತ್ರೆ ಕರಗಿಸಿದ ನೀರಲ್ಲಿ ನೆನೆಸಿ ತಂದಿದ್ರು. ಅವತ್ತಿಂದ ಈ ನಿಯಮ."

ಡಾಕ್ಟರು ಆಮೇಲೆ ಮಾಡಿದ ಕೆಲಸವನ್ನು ಇಪ್ಪತ್ತಾರು ವರ್ಷದ ತಮ್ಮ ವೃತ್ತಿಯಲ್ಲಿ ಮಾಡಿದ್ದಿಲ್ಲ. ಬ್ಯಾಂಡೇಜಿನ ಅಂಟುಪಟ್ಟಿ ಹರಿದು, ಇಂಚರಳ ಹಿಂದಲೆಗೆ ಅವಳದೇ ಜಡೆಯನ್ನು ಅಂಟಿಸಿ, ಕ್ಯಾಮೆರಾದ ಎದುರು ಬೆನ್ನು ತಿರುಗಿಸಿ ಕೂರಿಸಿದರು. ಗುಣಪಾಲ ಎರಡೂ ಕೈಯಿಂದ ಜಡೆ ಒತ್ತಿ ಹಿಡಿದ.

"ಅಲ್ಲಾಡ್ಬೇಡ ಪುಟ್ಟಿ."

"ನಾನ್ ಅಲ್ಲಾಡ್ತಿಲ್ಲ ಅಂಕಲ್. ನಿಮ್ ಕೈಯೇ ನಡುಗ್ತಿರೋದು."

ಕ್ಯಾಮೆರಾ ಜಡೆಯನ್ನು ಬುಡದಿಂದ ತುದಿಗೆ, ತುದಿಯಿಂದ ಬುಡಕ್ಕೆ ನೋಡಿತು. "ಕೂದಲಿಗೂ ತಲೆಗೂ ಸಂಬಂಧ ಕಂಡುಬಂದಿಲ್ಲ," ಎಂದಿತು ಗುಣಗ್ರಾಹಿ.

ಸಂಬಂಧ ಹೆಚ್ಚಾಗಿ ಕಾಯಿಲೆ ತಂದ ಮನೆಗೆ, ಸಂಬಂಧ ಸಾಲದೆಂಬ ತೀರ್ಪು.

ಡಾಕ್ಟರು ಕಂಪನಿಗೆ ಫೋನು ಮಾಡಿದರು. ಅಲ್ಲಿಯ ದನಿ ಬಹಳ ಮರ್ಯಾದೆಯದು. ನಿಯಮ ಬದಲಿಸುವ ಸಮಿತಿ ಆರು ತಿಂಗಳಿಗೊಮ್ಮೆ ಸೇರುತ್ತದೆ, ಕಳೆದ ವಾರ ತಾನೇ ಸೇರಿತ್ತು, ಮಗುವಿಗೆ ನಮ್ಮ ಶುಭಾಶಯ ತಿಳಿಸಿ ಎಂದಿತು. ಮಗುವಿಗೆ ಡಾಕ್ಟರು ತಿಳಿಸಲಿಲ್ಲ. ಕೆಂಪರಾಜುವಿಗೆ ಮಾತ್ರ ಉಳಿದ ದಾರಿ ತಿಳಿಸಿದರು.

"ಕೂದಲು ಮತ್ತೆ ಬರುತ್ತೆ. ನಾಲ್ಕು ಸೆಂಟಿಮೀಟರ್ ಬೆಳೆಯೋಕೆ ನಾಲ್ಕು ತಿಂಗಳು. ಆದ್ರೆ..." ಅವರು ಕನ್ನಡಕ ತೆಗೆದು ಒರೆಸಿದರು. ಅದು ಮೊದಲೇ ಶುಭ್ರವಾಗಿತ್ತು. "ಹೊಸ ಕೂದಲಲ್ಲಿ ಹಳೇ ಮಾತ್ರೆ ಇರಲ್ಲ. ಮತ್ತೆ ಎಂಟು ವಾರ ಸ್ಟಿರಾಯ್ಡ್ ತಿನ್ಬೇಕು."

"ಹತ್ತಲ್ಲ ಅಂತ ಗೊತ್ತಿರೋ ಮಾತ್ರೆನ," ಎಂದಳು ರತ್ನಮಣಿ.

"ಹೌದಮ್ಮ."

"ಹತ್ತಲ್ಲ ಅಂತ ತೋರ್ಸಕ್ಕೆ."

ಡಾಕ್ಟರು ಚೀಟಿಯ ಪುಸ್ತಕ ಹತ್ತಿರ ಎಳೆದುಕೊಂಡರು.

ಕೆಂಪರಾಜು ಬೆರಳು ಮಡಿಸತೊಡಗಿದ್ದ. ಎಪ್ಪತ್ತೊಂದರಲ್ಲಿ ಮೂರು ಹೋದರೆ ಅರವತ್ತೆಂಟು. ಅರವತ್ತೈದು. ಅರವತ್ತೆರಡು. ನಾಲ್ಕನೇ ಬೆರಳು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದ. ಎಷ್ಟು ಸಲ ಮಡಿಸಿದರೂ ಐವತ್ತೊಂಬತ್ತು.

"ಅರವತ್ತು ಇರ್ಬೇಕು ಅಂದಿದ್ರಿ ಮೇಡಂ."

"ಇಳಿಯೋದು ಒಂದೊಂದ್ಸಲ ನಿಧಾನ ಆಗುತ್ತೆ. ಕೂದಲು ಒಂದೊಂದ್ಸಲ ಬೇಗ ಬರುತ್ತೆ." ಇಷ್ಟು ಹೇಳಿ ಡಾಕ್ಟರು ಚೀಟಿ ಬರೆದರು. ಕೂದಲೆಳೆಯ ಅಂತರ ಎಂಬ ಮಾತನ್ನು ನಾನು ನನ್ನ ಪತ್ರಿಕಾ ಅಂಕಣಗಳಲ್ಲಿ ಸಾವಿರ ಸಲ ಬಳಸಿದ್ದೇನೆ. ಇನ್ನು ಮುಂದೆ ಬಳಸುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಲೋಟ, ಪಟ್ಟಿ, ಅರವತ್ತರ ಎಣಿಕೆ. ಮೂರು ಪ್ಲಸ್. ರತ್ನಮಣಿ ಮಾತ್ರೆ ಪುಡಿಮಾಡಿ ಜೇನಿನಲ್ಲಿ ಕಲಸಿ ಕೊಟ್ಟಳು. ಇಂಚರ ಮುಖ ಹಿಂಡಿಕೊಂಡು ನುಂಗಿದಳು. ಆಮೇಲೆ ತಾಯಿ ಮಗಳ ತಲೆಯನ್ನು ಬೆಳಕಿಗೆ ತಿರುಗಿಸಿ, ಕೊರಳಿನ ಟೇಪು ತೆಗೆದು ಹಿಂದಲೆಗೆ ಹಿಡಿದಳು.

"ಬಂದದಾ?" ಎಂದ ಕೆಂಪರಾಜು, ಬಾಗಿಲ ಆಚೆಯಿಂದ.

"ನೆನ್ನೆ ತಾನೇ ಬಂದಿದ್ದೀವಿ ಮಾವ ಆಸ್ಪತ್ರೆಯಿಂದ."

"ಸುಮ್ನೆ ಕೇಳ್ದೆ."

ನಡುಮನೆಯಲ್ಲಿ ಪುಟ್ಟಮಾದಮ್ಮ ಮಾದಪ್ಪನ ಪಟದ ಮುಂದೆ ದೀಪ ಹಚ್ಚಿ ಕೈಮುಗಿದು ನಿಂತಿದ್ದಳು.

"ನನ್ನಪ್ಪ, ಮಾದೇವ, ಕೂಸಿನ ಕೂದ್ಲು ಬಿರ್‍ರನೆ ಬರ್‍ಲಿ ಕನಪ್ಪ. ನಾಕ್ ತಿಂಗ್ಳು ಅನ್ನದು ಮೂರ್ ತಿಂಗ್ಳಿಗೇ ಬರ್‍ಲಿ. ಬಂದ್ರೆ ನಿಂಗೆ ಕೂಸಿನ..."

ಅಲ್ಲಿಗೆ ನಿಂತಳು. ಮುಗಿದ ಕೈ ಮುಗಿದ ಹಾಗೇ ಇತ್ತು. ಮುಂದಿನ ಮಾತು ನಾಲಿಗೆಯ ತುದಿಯಲ್ಲಿತ್ತು, ಎಪ್ಪತ್ತು ವರ್ಷದ ಅಭ್ಯಾಸ.

ಬಚ್ಚಲುಮನೆಯ ಬಾಗಿಲಲ್ಲಿ ಇಂಚರ ಎರಡೂ ಅಂಗೈಯನ್ನು ಬೋಳು ತಲೆಯ ಮೇಲೆ ಮುಚ್ಚಿ ಹಿಡಿದುಕೊಂಡು, ಅಜ್ಜಿಯನ್ನೇ ನೋಡುತ್ತ ನಿಂತಿದ್ದಳು.